ಜೋಡಿಯಾಗದ ಕೈಗವಸು

"ಇದು ಮನುಷ್ಯರ ಕೈಗಾ, ಬೊಂಬೆ ಕೈಗಾ?"

ಭಾಗ್ಯಶ್ರೀ ತಲೆಯೆತ್ತಿದಳು. ಎರಡು ದಿನದಿಂದ ತುಟಿ ಬಿಚ್ಚದೆ ಅವಳ ಟೇಬಲ್ ಪಕ್ಕದಲ್ಲೇ ನಿಂತಿದ್ದ ಹೆಣಿಗೆ ಪರೀಕ್ಷಿಸುವ ಹೊಸ ಚೆಕರ್ ದೇವರಾಜ್ ಆಡಿದ ಮೊದಲ ಮಾತು ಇದು!

ಅವನ ಕೈಯಲ್ಲಿ ಅವಳು ಹೆಣೆದ ಉಣ್ಣೆಯ ಕೈಗವಸುಗಳಿದ್ದವು. ನಾಲ್ಕು ಬೆರಳಿಗೆ ಒಂದೇ ಗೂಡು, ಹೆಬ್ಬೆರಳಿಗೆ ಬೇರೆ. ಕಡುಗೆಂಪಿನ ಮೇಲೆ ನೀಲಿ ಹೂಬಳ್ಳಿ, ನಡುವೆ ಮಾವಿನ ಬುಟ್ಟಾ... ಪರ್ಷಿಯಾದ ರತ್ನಗಂಬಳಿಯ ನಮೂನೆ. ಚಳಿ ದೇಶಕ್ಕೆ ಹೋಗಬೇಕಾದ ಸ್ಯಾಂಪಲ್.

"ಬಲಗೈದು ಸರಿಯಾಗಿದೆ. ಎಡಗೈದು ಕುಗ್ಗೋಗಿದೆ ನೋಡಿ. ಹಿಂಬದಿ ನೂಲು ಬಿಗಿಯಾಗಿ ಎಳ್ದಿದ್ದೀರ. ಬಿಚ್ಚಿ."

ಬಿಚ್ಚಬೇಕಂತೆ! ಬಾಯಲ್ಲಿ ಹೇಳಿದಷ್ಟು ಸುಲಭವೇ?

"ಆತ್ರಿ ಸರ," ಎಂದು ಅವನ ಕೈಯಿಂದ ಕೈಗವಸು ತೆಗೆದುಕೊಂಡಳು.

ಬಿಚ್ಚಿದಳು. ಮತ್ತೆ ಹೆಣೆದಳು. ಅವನು ಮತ್ತೆ ಬಂದು ನಿಂತ. ಕೈಗವಸು ಮತ್ತೆ ಕುಗ್ಗಿತು!

ಪಕ್ಕದ ಟೇಬಲ್ಲಿನ ಪದ್ಮಾವತಿ ಕಿಸಕ್ಕೆಂದಳು. "ನನ್ ಹತ್ರ ಒಂದ್ನಿಮ್ಷ ನಿಲ್ಲಲ್ಲ ಈವಯ್ಯ. ನಿನ್ ಹತ್ರ ಬೇರು ಬಿಟ್ಕಂಡ್ ನಿಂತವ್ನೆ ಕಣೇ!"

"ಸುಮ್ನಿರವ್ವಾ... ತಪ್ಪು ಹುಡುಕಾಕ ನಿಂತಾರ."

ಸೂಪರ್‌ವೈಸರ್ ಹೇಮಲತಾ ಮೇಡಂ ಬಂದು ಕೈಗವಸುಗಳನ್ನು ಅಳೆದು ನೋಡಿದರು. "ಶನಿವಾರ ಕೊರಿಯರ್ ಹೋಗ್ಬೇಕು ಭಾಗ್ಯ. ಜೋಡಿ ಸರಿ ಬರ್ಲಿಲ್ಲ ಅಂದ್ರೆ ನೀನು ವಾಪಸ್ ದಾರ ಕತ್ತರಿಸೋ ಸೆಕ್ಷನ್‌ಗೆ."

ಭಾಗ್ಯಶ್ರೀ ಹೆಣಿಗೆ ಕಡ್ಡಿಗಳನ್ನು ಹತ್ತಿರಕ್ಕೆ ಎಳೆದುಕೊಂಡಳು. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು, ವಿಜಯಪುರದ ಇಂಡಿ ಕಡೆಯಿಂದ ಬೆಂಗಳೂರಿನ ಹತ್ತಿರದ ಜಿಗಣಿಯ ಈ ಉಡುಪು ಕಾರ್ಖಾನೆಗೆ ಬಂದವಳು ಅವಳು. ದಾರ ಕತ್ತರಿಸುತ್ತಲೇ ಹಿರಿಯ ಹೆಂಗಸರ ಕೈ ನೋಡಿ ಹೆಣಿಗೆ ಕಲಿತಿದ್ದಳು. ಈ ಟೇಬಲ್ ಬಿಟ್ಟರೆ ತನ್ನದು ಅನ್ನುವಂಥದ್ದು ಅವಳಿಗೆ ಈ ಊರಿನಲ್ಲಿ ಇನ್ನೇನಿತ್ತು?

"ನಾನು ಪಕ್ಕದಲ್ಲೇ ಕೂತು ನೋಡ್ತೀನಿ ಮೇಡಂ," ಎಂದು ದೇವರಾಜ್ ಸ್ಟೂಲ್ ಎಳೆದ.

ಅಷ್ಟೇ! ಅವಳ ತಾಳ್ಮೆ ತಪ್ಪಿತು.

"ಬ್ಯಾಡ್ರಿ! ನೀವು ನಿಂತ್ರ ನನ್ನ ಕೈ ಬಿಗಿ ಆಗ್ತೈತಿ! ನಿಮ್ಮಿಂದನ ಇದೆಲ್ಲಾ!"

ಯಂತ್ರಗಳ ಸದ್ದಿನಲ್ಲೂ ಎಲ್ಲರೂ ತಿರುಗಿ ನೋಡಿದರು. ದೇವರಾಜ್‌ನ ಮುಖ ಸಪ್ಪಗಾಯಿತು. ಸ್ಟೂಲ್ ಅನ್ನು ಮೆಲ್ಲಗೆ ಇದ್ದಲ್ಲೇ ಇಟ್ಟ.

"ನನ್ನ ಕಂಡ್ರೆ ಅಷ್ಟು ಆಗಲ್ಲ ಅಂತ ಗೊತ್ತಿರ್ಲಿಲ್ಲ... ಸಾರಿ."

ಮರುದಿನ ಅವನು ಬರಲಿಲ್ಲ. ತಾನೇ ಕೇಳಿಕೊಂಡು ಕಂಪನಿಯ ಪೀಣ್ಯದ ಘಟಕಕ್ಕೆ ಹೋದನಂತೆ.

ಒಳ್ಳೇದೇ ಆಯ್ತು! ಹಾಗೆಂದುಕೊಂಡೇ ಕಡ್ಡಿ ಹಿಡಿದಳು. ಆದರೆ ಕಣ್ಣು ಮಾತ್ರ ಬಾಗಿಲಿನತ್ತಲೇ ಹೊರಳುತ್ತಿತ್ತು. ಹಾಳಾದ ಕಣ್ಣು!

ಸಂಜೆಗೆ ಎಡಗೈಯ ಕೈಗವಸು ಮುಗಿಯಿತು. ಬಲಗೈಯದರ ಮೇಲಿಟ್ಟು ನೋಡಿದಳು.

ದೊಡ್ಡದು! ಜೋಲುಬಿದ್ದ ಚೀಲದಷ್ಟು ದೊಡ್ಡದು!

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಗಲೇ ಬಾಗಿಲಲ್ಲಿ ದೇವರಾಜ್ ಕಾಣಿಸಿದ. ಮರೆತುಹೋಗಿದ್ದ ಊಟದ ಡಬ್ಬಿಗಾಗಿ ಬಂದಿದ್ದ. ಅವಳತ್ತ ನೋಡದೆ ಡಬ್ಬಿ ಎತ್ತಿಕೊಂಡು ಹೊರಟ.

"ನಿಲ್ರಿ!"

ನಿಂತ. ಅವಳು ಎದ್ದು ಹೋಗಿ ಆ ಚೀಲದಂಥ ಕೈಗವಸನ್ನು ಅವನ ಮುಖಕ್ಕೆ ಹಿಡಿದಳು.

"ನೀವು ಎದುರಿದ್ರ ಬಿಗಿ ಆಗ್ತೈತಿ. ಇಲ್ದಿದ್ರ ಸಡ್ಲ ಆಗ್ತೈತಿ. ನಾ ಏನ್ ಮಾಡ್ಬೇಕು? ನೀವ ಹೇಳ್ರಿ!"

ಆಡಿದ ಮೇಲೆ ಅವಳಿಗೇ ತಿಳಿಯಿತು ತಾನು ಏನು ಹೇಳಿದೆನೆಂದು. ಮುಖ ಕೆಂಪೇರಿತು.

ಅವನು ಕೈಗವಸು ತೆಗೆದುಕೊಂಡು ನಿಧಾನವಾಗಿ ಹಾಕಿಕೊಂಡ. ಅವನ ಕೈಗೆ ಅದು ಸರಿಯಾಗಿ ಕೂತಿತು.

"ತಪ್ಪು ಹುಡುಕೋಕೆ ನಿಲ್ತಿರ್ಲಿಲ್ಲ ಭಾಗ್ಯಶ್ರೀ... ಮಾತಾಡ್ಸೋಕೆ ಧೈರ್ಯ ಬರ್ತಿರ್ಲಿಲ್ಲ. ಬಾಯಿ ಬಿಟ್ರೆ ಬರೀ ಬಿಚ್ಚಿ ಅಂತಾನೇ ಬರೋದು."

"ಛೇ! ಮೊದ್ಲ ಹೇಳಾಕ ಏನಾಗಿತ್ರಿ? ಎಷ್ಟ್ ಸಲ ಬಿಚ್ಚೀನಿ ನಾನು!"

ಮರುದಿನ ಅವನು ಮೇಡಂಗೆ ಹೇಳಿ ಪೀಣ್ಯದಿಂದ ವಾಪಸ್ ಬಂದು, ಸ್ಟೂಲ್ ಹಾಕಿಕೊಂಡು ಪಕ್ಕದಲ್ಲೇ ಕೂತ. ಮನಸ್ಸಿನಲ್ಲಿದ್ದದ್ದು ಹೊರಬಂದಿದ್ದಕ್ಕೋ ಏನೋ, ಹೊಸದಾಗಿ ಎಡಗೈಯದನ್ನು ಹೆಣೆಯುವಾಗ ನೂಲು ಅವಳ ಬೆರಳಲ್ಲಿ ತಾನಾಗಿ ಹರಿಯಿತು. ಶನಿವಾರ ಎರಡೂ ಕೈಗವಸು ಹೂವಿಗೆ ಹೂವು, ಬುಟ್ಟಾಕ್ಕೆ ಬುಟ್ಟಾ ಕೂಡಿಕೊಂಡವು. ಹೇಮಲತಾ ಮೇಡಂ ನಕ್ಕು ಕೊರಿಯರ್ ಡಬ್ಬ ಮುಚ್ಚಿದರು.

ಸಂಜೆ ಗೇಟಿನ ಬಳಿ ದೇವರಾಜ್ ಬ್ಯಾಗಿನಿಂದ ಆ ದೊಡ್ಡ ಕೈಗವಸು ತೆಗೆದ.

"ಇದು ಒಂಟಿಯಾಗಿದೆ. ಜೋಡಿ ಯಾವಾಗ ಹೆಣೀತೀಯ?"

"ಬಿಗಿ ಬಂದ್ರ?"

"ಹಾಕ್ಕೊತೀನಿ."

"ಸಡ್ಲ ಬಂದ್ರ?"

"ಅದನ್ನೂ ಹಾಕ್ಕೊತೀನಿ."

"ಬಿಚ್ಚು ಅನ್ನೂದಿಲ್ಲಲ್ಲ ಮತ್ತ?"

ಅವನು ಕೈಗವಸು ತೊಟ್ಟು, ಆ ಉಣ್ಣೆಯ ಕೈಯಲ್ಲಿ ಅವಳ ಬೆರಳುಗಳನ್ನು ಹಿಡಿದ.

"ಯಾವತ್ತೂ ಅನ್ನಲ್ಲ."