ಕವಲಾಪುರದ ಸೂರ್ಯ

"ಸಂಜೆ ಆರಕ್ಕ ಊಟ? ಎಲ್ಲಾರದೂ?"

ಅಭಿಜಿತ ಶೂಟಿಂಗ್ ವೇಳಾಪಟ್ಟಿಯನ್ನು ಮೇಜಿನ ಮೇಲಿಟ್ಟು, ಕನ್ನಡಕದ ಮೇಲಿಂದ ಹರ್ಷದಾಳನ್ನು ನೋಡಿದ. ಬೈಯಲು ಬಂದವನ ನೋಟವೇನೋ ಸರಿ, ತುಟಿ ಮಾತ್ರ ಆಗಲೇ ನಗುವ ಕಡೆ ವಾಲಿತ್ತು.

"ಮತ್ತ? ಕತ್ತಲಾದ ಮ್ಯಾಲೆ ಉಣ್ಣಾಕ ಬರತೈತೇನ್ರಿ?"

"ಜೂನ್ ತಿಂಗಳದಾಗ ಸ್ವಿಟ್ಜರ್ಲೆಂಡಿನಾಗ ಕತ್ತಲಾಗೂದು ಒಂಬತ್ತು ದಾಟಿದ ಮ್ಯಾಲೆ. ಆರಕ್ಕ ಇನ್ನೂ ಹಾಡಿಗೆ ಚಲೋ ಬೆಳಕು ಇರತೈತಿ. ಆ ಹೊತ್ತಿನಾಗ ನೀವು ಹೀರೋಯಿನ್ ಕೈಯಾಗ ಭಾಕ್ರಿ ಕೊಟ್ಟು ಕುಂದ್ರಿಸೀರಿ."

ಹರ್ಷದಾಳ ಕಿವಿ ಬಿಸಿಯಾಯಿತು. ಇಡೀ ತಂಡದ ದಿನಚರಿಯನ್ನು ಅವಳು ತನ್ನೂರು ಕವಲಾಪುರದ ಸೂರ್ಯನನ್ನು ನಂಬಿ ಹಾಕಿದ್ದಳು. ದೀಪ ಹಚ್ಚುವ ಮೊದಲೇ ಒಲೆ ಆರುವ ಜೈನರ ಮನೆಯ ಹುಡುಗಿ. ಸೂರ್ಯನೂ ಊರಿಗೊಂದು ಹೊತ್ತು ಇಟ್ಟುಕೊಂಡಿರುತ್ತಾನೆ ಎಂದು ಅವಳಿಗೆ ಹೊಳೆದಿರಲಿಲ್ಲ.

"ಅಲ್ಲಿ ಅಷ್ಟು ತಡಾ ಯಾಕ ಮಾಡತಾನ ಅಂವ?"

"ಮನಿಗೆ ಹೋಗಾಕ ಮನಸಿಲ್ಲ ಅಂವಗ," ಎಂದ ಅಭಿಜಿತ. ಆಫೀಸಿನ ಕೆಲಸ ಮುಗಿದು ಒಂದು ತಾಸಾಗಿತ್ತು. ಅವನೂ ಮೀರಜಿನ ಬಸ್ಸು ಹಿಡಿಯುವ ಲಕ್ಷಣ ಕಾಣಲಿಲ್ಲ.

ಆಫೀಸು ಅಂದರೆ ಕುಪವಾಡ ಎಂಐಡಿಸಿಯ ಕಾರ್ಖಾನೆಗಳ ನಡುವೆ, ಅವಳ ಚಿಕ್ಕಪ್ಪ ಧನಪಾಲ ಕಾಕಾನ ಕೋಲ್ಡ್ ಸ್ಟೋರೇಜಿನ ಮೇಲಿನ ಕೋಣೆ. ಕೆಳಗೆ ಒಣದ್ರಾಕ್ಷಿ, ಮೇಲೆ ಫ್ಯಾಕ್ಸ್ ಮಷಿನ್ನು. ದ್ರಾಕ್ಷಿ ಲಂಡನ್ನಿಗೆ ಹೋಗತೊಡಗಿದ ಮೇಲೆ ಕಾಕಾನಿಗೆ ಕನ್ನಡದಲ್ಲಿ ಒಂದು ಸಿನಿಮಾ ತೆಗೆಯುವ ಹುಚ್ಚು ಹಿಡಿದಿತ್ತು. ಸಿನಿಮಾ ಅಂದಮೇಲೆ ಒಂದು ಹಾಡಾದರೂ ಹಿಮದ ಮೇಲೆ ಆಗಲೇಬೇಕು. ಆ ಹಾಡಿಗಾಗಿ ಮುಂಬೈಯಲ್ಲಿ ಶೂಟಿಂಗ್ ವ್ಯವಸ್ಥೆಯ ಕೆಲಸ ಕಲಿತಿದ್ದ ಮೀರಜಿನ ಅಭಿಜಿತನನ್ನು ಕರೆಸಿದ್ದ. ಪತ್ರ, ವೀಸಾ, ಹೋಟೆಲು ಎಲ್ಲ ಹರ್ಷದಾಳ ಪಾಲು.

ಮುಂದಿನ ಎರಡು ತಿಂಗಳಲ್ಲಿ ಅವಳು ಶೂಟಿಂಗ್ ನಡೆಯುವ ಸ್ವಿಸ್ ಊರನ್ನು ಬಾಯಿಪಾಠ ಮಾಡಿದ್ದಳು. ಸರೋವರದ ದೋಣಿ ಎಲ್ಲಿ ತಿರುಗುತ್ತದೆ, ಬೆಟ್ಟದ ರೈಲು ಎಲ್ಲಿ ನಿಲ್ಲುತ್ತದೆ, ಯಾವ ಅಡುಗೆಯವಳು ಈರುಳ್ಳಿ ಹಾಕದೆ ಪಲ್ಯ ಮಾಡುತ್ತಾಳೆ. ಅಭಿಜಿತ ಬೇಕೆಂದೇ ತಪ್ಪು ಹೇಳುವುದು, ಅವಳು ತಲೆ ಎತ್ತದೆ ತಿದ್ದುವುದು, ತಿದ್ದಿದ ಮೇಲೆ ಇಬ್ಬರೂ ಒಟ್ಟಿಗೆ ಕಿಟಕಿ ನೋಡುವುದು. ಕಿಟಕಿಯಲ್ಲಿ ನೋಡುವಂಥದ್ದು ಎದುರಿನ ಕಾರ್ಖಾನೆಯ ತಗಡಿನ ಶೆಡ್ಡು ಬಿಟ್ಟು ಬೇರೇನೂ ಇರಲಿಲ್ಲ.

ಒಂದು ದಿನ ಅವನು ಎಲ್ಲರ ವೀಸಾ ಕಾಗದ ಹೊಂದಿಸುತ್ತ, "ನಿಮ್ಮ ಫೋಟೋನೂ ಕೊಡ್ರಿ," ಎಂದ. "ಕಾಕಾನ್ನ ಕೇಳೇನಿ. ಶಾಟಿಗೆ ಶಾಟು ಹೊಂದತೈತೇನು ಅಂತ ಕಂಟಿನ್ಯುಟಿ ನೋಡಾಕ ನೀವೂ ಬರಬೇಕು."

"ನಾ ಬರೂದಿಲ್ಲ."

"ಯಾಕ?"

"ಬರೂದಿಲ್ಲ ಅಂದ್ರ ಬರೂದಿಲ್ರಿ."

ಅವನು ಆ ದಿನ ಬೇಗ ಬಸ್ಸು ಹಿಡಿದ. ಮರುದಿನದಿಂದ ಮಾತು ಅಂದರೆ ಬರೀ ಕೆಲಸ. ತಪ್ಪು ಹೇಳುವ ಆಟವೂ ನಿಂತಿತು. ಹರ್ಷದಾ ಫ್ಯಾಕ್ಸ್ ಮಷಿನ್ನಿನ ಮುಂದೆ ಕೂತು, ತಾನೇ ತೆರೆದ ದಾರಿಯಲ್ಲಿ ಎಲ್ಲರೂ ಹೊರಟುಹೋಗುವುದನ್ನು ನೋಡುತ್ತಿದ್ದಳು. ಕಾರಣ ಹೇಳಿದರೆ ನಕ್ಕಾನು. ನಗದಿದ್ದರೆ ಇನ್ನೂ ಕಷ್ಟ.

ಹೊರಡಲು ಒಂದು ವಾರ ಇರುವಾಗ ಕಾಕಾನಿಗೆ ಹೊಸ ಚಿಂತೆ ಹತ್ತಿತು. ಶಿಫಾನ್ ಸೀರೆಯಲ್ಲಿ ಹೀರೋಯಿನ್ ಹಿಮದ ಮೇಲೆ ಹಲ್ಲು ಕಟಕಟ ಅನ್ನದೆ ಎಷ್ಟು ಹೊತ್ತು ನಿಂತಾಳು? ನಮ್ಮದೇ ಕೋಲ್ಡ್ ಸ್ಟೋರೇಜ್ ಇರುವಾಗ ಚಿಂತೆ ಯಾಕೆ ಎಂದು ತಾನೇ ಉತ್ತರವನ್ನೂ ಕೊಟ್ಟುಕೊಂಡ. ಹರ್ಷದಾ ಸೀರೆ ಉಟ್ಟು ನಿಲ್ಲಬೇಕು, ಅಭಿಜಿತ ನೋಡಬೇಕು.

"ಚಲಾ, ನಾ ಬಾಗಲಾ ಹಾಕತೀನಿ, ಥಂಡಿ ಹೊರಗ ಹೋಗತೈತಿ. ಆತಂದ್ರ ಬಡೀರಿ," ಎಂದು ಕಾಕಾ ಆ ದಪ್ಪ ಬಾಗಿಲು ಎಳೆದುಕೊಂಡ.

ದ್ರಾಕ್ಷಿ ಪೆಟ್ಟಿಗೆಗಳ ನಡುವೆ, ಒಂದು ಮಂಕು ಬಲ್ಬಿನ ಕೆಳಗೆ, ನೀಲಿ ಶಿಫಾನಿನಲ್ಲಿ ಅವಳು ನಿಂತಳು. ಉಸಿರು ಹೊಗೆಯಾಗಿ ಬಂತು. ಅಭಿಜಿತ ಕೈಯಲ್ಲಿದ್ದ ಗಡಿಯಾರ ನೋಡುತ್ತಿದ್ದ, ಅವಳನ್ನಲ್ಲ.

"ನಗ್ರಿ. ಹಾಡಿನಾಗ ನಗಬೇಕಾಗತೈತಿ."

ಅವಳು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂದವು. ಅವನು ಗಡಿಯಾರ ಜೇಬಿಗೆ ಹಾಕಿ, ತನ್ನ ಸ್ವೆಟರ್ ತೆಗೆದು ಅವಳ ಹೆಗಲಿಗೆ ಹೊದಿಸಿದ.

"ನನ್ನ ಜೋಡಿ ಬರಾಕ ಮನಸಿಲ್ಲಂದ್ರ ಹಂಗ ಹೇಳ್ರಿ. ನಾ ಏನೂ ಅನ್ನೂದಿಲ್ಲ."

"ಮನಸಿಲ್ಲ ಅಂತ ಯಾರಂದ್ರು?" ಅವಳು ಸ್ವೆಟರಿನ ತೋಳು ಗಟ್ಟಿಯಾಗಿ ಹಿಡಿದಳು. "ಸಣ್ಣಾಕಿದ್ದಾಗ ಮುನಿ ಮಹಾರಾಜರ ಚಾತುರ್ಮಾಸ ನಮ್ಮೂರಾಗಿತ್ತು. ಹೆಂಗಸ್ರೆಲ್ಲ ಒಂದೊಂದು ನಿಯಮ ತಗೋಳಾಕತ್ತಿದ್ರು. ಒಬ್ಬಾಕಿ ಬದನಿಕಾಯಿ ಬಿಟ್ಲು, ನಮ್ಮಜ್ಜಿ ಮೊಸರು ಬಿಟ್ಲು. ನಾ ಎದ್ದು ನಿಂತು, ಸಾಯೂತನಕ ದೇಶದ ಗಡಿ ದಾಟೂದಿಲ್ಲ ಅಂದೆ. ಎಲ್ಲಾರೂ ಚಪ್ಪಾಳಿ ಹೊಡದ್ರು. ಆಗ ನಮ್ಮೂರಿಂದ ಯಾರು ದಾಟತಿದ್ರು ಹೇಳ್ರಿ? ಪುಗಸಟ್ಟೆ ವ್ರತ. ಮುಂದ ಹೊರದೇಶದ ಬಾಗಲಾ ತಗಿತಾವ ಅಂತ ನನಗೇನು ಗೊತ್ತು?"

ಅಭಿಜಿತ ನಗಲಿಲ್ಲ. ಅವನೂ ಜೈನರ ಮನೆಯವನೇ. ನಿಯಮ ಅಂದರೆ ಏನೆಂದು ಅವನಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಪ್ರಾಯಶ್ಚಿತ್ತ ಐತಲ್ಲ?"

"ಅಜ್ಜಿನೂ ಅದನ್ನೇ ಅಂತಾಳ. ಕಾಕಾನೂ ಅಂತಾನ. ನನ್ನ ಯಾರೂ ಕಟ್ಟಿಲ್ರಿ, ನಾನೇ ಕಟ್ಟಿಕೊಂಡೇನಿ. ಈ ನೌಕರಿ ಕಾಕಾ ಕೊಟ್ಟದ್ದು, ಮೈಮ್ಯಾಲಿನ ಸೀರಿ ಸಿನಿಮಾದ್ದು. ನನ್ನದು ಅನ್ನೂದು ಆ ಮಾತೊಂದೇ. ಅದನ್ನೂ ಬಿಟ್ಟು ನಿಮ್ಮ ಹಿಂದ ಬಂದ್ರ, ಬಂದಾಕಿ ನಾ ಅಲ್ಲ." ಸ್ವೆಟರನ್ನು ಎದೆಗೆ ಎಳೆದುಕೊಂಡು ಅಂದಳು: "ನಿಮ್ಮ ಕೆಲಸ ಇನ್ನ ಮ್ಯಾಲೆ ಹೊರದೇಶದಾಗ. ಬಾಗಲದಾಗ ನಿಂತು ದಾರಿ ನೋಡೂ ಹೆಂಡ್ತಿ ಆಗಾಕ ನನಗ ಆಗೂದಿಲ್ಲ. ಅದಕ್ಕ ಮದಲೇ ಬ್ಯಾಡ ಅಂದೆ."

ಹೆಂಡತಿ ಎಂಬ ಮಾತು ತನ್ನ ಬಾಯಿಂದಲೇ ಮೊದಲು ಬಂದದ್ದು ಗೊತ್ತಾದಾಗ, ಆ ಚಳಿಯಲ್ಲೂ ಅವಳ ಮುಖ ಕೆಂಪಾಯಿತು. ಅಭಿಜಿತ ಅದನ್ನು ಕೇಳದವನಂತೆ ನಟಿಸಿದ. ನಟನೆ ಅವನ ಕಸುಬಲ್ಲ, ಅದು ಕಂಡೇ ಕಾಣುತ್ತಿತ್ತು.

"ಗಡಿಯೊಳಗ ಎಷ್ಟು ಊರು ನೋಡೀರಿ?"

"ಕೊಲ್ಲಾಪುರ. ಒಮ್ಮೆ ಶ್ರವಣಬೆಳಗೊಳ."

"ಅಷ್ಟೇ?"

"ಅಷ್ಟೇ."

"ಹಂಗಾದ್ರ ನೀವು ಕಟ್ಟಿಕೊಂಡ ಗ್ವಾಡಿ ಭಾಳ ದೂರ ಐತಿ, ಹರ್ಷದಾ. ಅದರ ಹಂತೇಕ ಸುದ್ದಾ ನೀವು ಹೋಗಿಲ್ಲ. ಹಿಮಾ ಗಡಿಯೊಳಗೂ ಬೀಳತೈತಿ, ಸಮುದ್ರಾನೂ ಐತಿ. ನಾ ಹೊಳ್ಳಿ ಬಂದ ಮ್ಯಾಲೆ, ಗ್ವಾಡಿತನಕ ಹೋಗಿ ಮುಟ್ಟಿ ಬರೂಣು. ದಾಟೂದು ಬ್ಯಾಡ. ಮುಂದಿನ ಹಾಡು ಎಲ್ಲಿ ತಗೀಬೇಕು ಅನ್ನೂದು ನೀವು ಹೇಳ್ರಿ."

ಅವಳು ಏನೋ ಹೇಳಹೊರಟಳು, ಚಳಿಗೆ ಕಟಕಟ ಅನ್ನುವ ಹಲ್ಲು ಮಾತಾಡಗೊಡಲಿಲ್ಲ. ಹೊರಗಿಂದ ಕಾಕಾ ತಾನೇ ಬಾಗಿಲು ಬಡಿಯತೊಡಗಿದ್ದ.

ಮೀರಜ ಜಂಕ್ಷನ್ನಿನಲ್ಲಿ ಮುಂಬೈ ಗಾಡಿ ನಿಂತಿತ್ತು. ತಂಡದವರೆಲ್ಲ ಹತ್ತಿಯಾಗಿತ್ತು. ಅಭಿಜಿತ ಬಾಗಿಲಲ್ಲಿ ನಿಂತು, ಅವಳಿಗಷ್ಟೇ ಕೇಳುವಂತೆ ಅಂದ:

"ನಾನೂ ಒಂದು ನಿಯಮ ತಗೊಂಡೇನಿ. ಅಲ್ಲಿರೂತನಕ ಕವಲಾಪುರದ ಸೂರ್ಯ ಮುಳುಗೂದ್ರೊಳಗ ಉಣ್ಣೂದು."

ಹೊತ್ತಿನ ಲೆಕ್ಕ ಈಗ ಅವಳಿಗೆ ಬಾಯಲ್ಲೇ ಇತ್ತು. "ಹುಚ್ಚಪ್ಪಾ, ಅಲ್ಲಿ ಅದು ಮಧ್ಯಾಹ್ನ ಮೂರೂವರಿ. ಆಮ್ಯಾಲೆ ಒಂಬತ್ತರತನಕ ಶೂಟಿಂಗ್. ತಡ್ಕೊಳ್ಳಾಕ ಆಗತೈತೇನ್ರಿ?"

"ನೀವು ತಡ್ಕೊಳ್ಳೂದು ನೋಡೇನಲ್ಲ."

ಗಾಡಿ ಅಲುಗಿತು. "ಬಂದ ಮ್ಯಾಲೆ ಪಾರಣಿ ನಿಮ್ಮ ಕೈಯಾಗ," ಎಂದ. ವ್ರತ ಮುಗಿಸುವ ಊಟವನ್ನು ಗಂಡಸು ಯಾರ ಕೈಯಿಂದ ಕೇಳುತ್ತಾನೆ ಎಂಬುದು ಅವಳಿಗೆ ಗೊತ್ತಿತ್ತು. ತಲೆ ಅಲ್ಲಾಡಿಸಿದಳು, ಹೂಂ ಎಂದು.

ಅವನು ಸ್ವಿಟ್ಜರ್ಲೆಂಡಿನಲ್ಲಿ ಇಳಿದ ದಿನ ಸಂಜೆ, ಕವಲಾಪುರದ ಮನೆಯ ಕಟ್ಟೆಯ ಮೇಲೆ ಹರ್ಷದಾ ತಾಟು ಮುಂದಿಟ್ಟುಕೊಂಡು ಕೂತಿದ್ದಳು. ಸೂರ್ಯ ಕಬ್ಬಿನ ಗದ್ದೆಯ ಮೇಲೆ ಇಳಿದಿದ್ದ. ಇಷ್ಟು ದಿನ ಬೇಗ ಮುಳುಗಲಿ, ದಿನ ಮುಗಿಯಲಿ ಎಂದಿದ್ದವಳು ಇಂದು ಇನ್ನೊಂದು ಗಳಿಗೆ ನಿಲ್ಲಪ್ಪಾ ಎಂದು ಮನಸ್ಸಿನಲ್ಲೇ ಬೇಡುತ್ತಿದ್ದಳು. ಅಲ್ಲಿ ಅವನ ಊಟ ಮುಗಿದಿದೆಯೋ ಇಲ್ಲವೋ.

"ಯಾರ ದಾರಿ ನೋಡಾಕತ್ತೀ?" ಒಳಗಿಂದ ಅಜ್ಜಿ ಮಾಣಿಕಬಾಯಿ ಕೇಳಿದಳು.

"ಸೂರ್ಯಾಂದು."

"ಅಂವ ಎಲ್ಲಿ ಹೋದ್ರೂ ಹೊಳ್ಳಿ ಬರತಾನ. ನೀ ಉಣ್ಣು."