ಯಾಕೆತೆ ಹಾಕಿದ ಕಚ್ಚು

ಉಬಾಂಗಿ ನದಿಯ ಸೀಮೆಯಲ್ಲಿ ಮಳೆ ಹಿಂದೆಗೆಯುತ್ತಿತ್ತು. ಮೂರು ರಸ್ತೆ ಕೂಡುವ ಯಂಬೆಲೆ ಊರಿನಲ್ಲಿ ಹೆಂಗಸರು ಮರಗೆಣಸು ಸುಲಿಯುತ್ತ ಕೂತಿದ್ದರು. ನಾಂಬೋನಾ ಮಾತ್ರ ಸೊಂಟಕ್ಕೆ ಕತ್ತಿ ಸಿಕ್ಕಿಸಿ ಕಾಡಿಗೆ ಹೊರಟಳು. ಐದು ವರ್ಷದ ಹಿಂದೆ, ಊರಿಗೆ ನುಗ್ಗುತ್ತಿದ್ದ ಬಂದೂಕಿನವರಿಗೆ ನೀರು ಸಿಗಬಾರದೆಂದು ಅವಳ ಗಂಡ ಯಾಕೆತೆ ಕೂಡುರಸ್ತೆಯ ಕೈಪಂಪಿನ ಹಿಡಿ ಬಿಚ್ಚಿ ಬಂಡೆಗುಡ್ಡದಲ್ಲಿ ಬಚ್ಚಿಟ್ಟಿದ್ದ. ಮರಳುವಾಗ ಅವರ ಗುಂಡೇಟಿಗೆ ಸತ್ತ. ಬಂದೂಕಿನವರು ಆ ಕಾಡು ಬಿಟ್ಟದ್ದೇ ಈ ತಿಂಗಳು. ಇತ್ತ ಹಳ್ಳದ ನೀರು ಕುಡಿದು ಮೊಮ್ಮಗಳು ಭೇದಿಯಲ್ಲಿ ಬಸವಳಿದಿದ್ದಳು.

ಜೊತೆಗೆ ಬೇಟೆಗಾರ ವಾಂಜೆ, ಪಂಪಿನ ಮೇಸ್ತ್ರಿ ಹಿಸ್ಸೇನ್. ಅದೇ ವರ್ಷ, ಮುಸಲ್ಮಾನರ ಮನೆಗಳಿಗೆ ಬೆಂಕಿ ಬಿದ್ದ ದಿನ ಹಿಸ್ಸೇನ್ ಹೆಂಡತಿಯನ್ನು ಕರೆದುಕೊಂಡು ನಾಂಬೋನಾಳ ಬಾಗಿಲು ಬಡಿದಿದ್ದ. ಅವಳು ತೆಗೆದಿರಲಿಲ್ಲ. ಹೋದ ವಾರ ಗಡಿಯಾಚೆಯ ಶಿಬಿರದಿಂದ ಅವನೊಬ್ಬನೇ ಮರಳಿದ್ದ.

ಬೇಟೆಗಾರರು ಮರಕ್ಕೆ ಓರೆಯಾಗಿ ಕಚ್ಚು ಹಾಕುತ್ತಾರೆ; ಅದರ ಕೆಳತುದಿ ತೋರಿದ ಕಡೆ ದಾರಿ. ಯಾಕೆತೆಯ ಕಚ್ಚುಗಳು ತೊಗಟೆಯಲ್ಲಿ ಊದಿಕೊಂಡು ಹಳೆಯ ಗಾಯದಂತೆ ಕಾಣುತ್ತಿದ್ದವು. ಸುಟ್ಟ ಲಾರಿಯೊಂದರ ಎದೆಯೊಳಗಿಂದ ಬಳ್ಳಿ ಹಬ್ಬಿತ್ತು. ಹಕ್ಕಿಯ ಸದ್ದೂ ಇರಲಿಲ್ಲ.

"ಎಡಕ್ಕೆ," ಅಂದ ವಾಂಜೆ, ಒಂದು ಕಚ್ಚಿನ ಕೆಳತುದಿ ನೋಡಿ.

"ಅಲ್ಲಿ ನೆಲ ತೇವ ಇದ್ದಂಗಿದೆಯಲ್ಲೋ?" ಹಿಸ್ಸೇನ್ ಅನುಮಾನಿಸಿದ.

"ಶಿಬಿರದಲ್ಲಿ ಕೂತೂ ಕೂತೂ ಮೇಸ್ತ್ರಿ ಕಾಲು ಮೆತ್ತಗಾಗಿದೆ!"

ಹತ್ತು ಹೆಜ್ಜೆ. ವಾಂಜೆ ಸೊಂಟದವರೆಗೆ ಕೆಸರಿನಲ್ಲಿ ಕುಸಿದ.

"ಒದೀಬೇಡ! ಅಲ್ಲಾಡಬೇಡ!" ಹಿಸ್ಸೇನ್ ಕೆಸರಿನ ಮೇಲೆ ಬೋರಲು ಬಿದ್ದು ಕೈ ಚಾಚಿದ. ನಾಂಬೋನಾ ಹೊದ್ದ ಬಟ್ಟೆ ಬಿಚ್ಚಿ ಹಗ್ಗದಂತೆ ಎಸೆದಳು. ಎಳೆದರು. ಜಾರಿತು. ಮತ್ತೆ ಎಳೆದರು.

ದಡದಲ್ಲಿ ಏದುಸಿರು ಬಿಡುತ್ತಿದ್ದಾಗ ನಾಂಬೋನಾ ಹಣೆ ಚಚ್ಚಿಕೊಂಡಳು. "ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ! ಆ ವರ್ಷ ಬಂದೂಕಿನವರನ್ನ ದಾರಿ ತಪ್ಪಿಸೋಕೆ ಊರವರೆಲ್ಲ ಕಚ್ಚು ತಿರುಗಿಸಿ ಹಾಕ್ತಿದ್ವಲ್ಲೋ!"

"ಶಾಂತಿ ಬಂತು ಅಂತ ನೆಟ್ಟಗೆ ಓದಿಬಿಟ್ಟೆ, ಅತ್ತೆ," ಅಂದ ವಾಂಜೆ, ಕೆಸರು ಒರೆಸಿಕೊಳ್ಳುತ್ತ.

ಬಲಕ್ಕೆ ನಡೆದರು. ಬಂಡೆಯ ಸಂದಿನಲ್ಲಿ ಹಿಡಿ ಸಿಕ್ಕಿತು. ಯಾಕೆತೆ ತಾಳೆಣ್ಣೆ ಸವರಿ, ತನ್ನ ಅಂಗಿಯಲ್ಲೇ ಸುತ್ತಿಟ್ಟಿದ್ದ. ನಾಂಬೋನಾ ಹಿಡಿಯನ್ನು ಮೇಸ್ತ್ರಿಗೆ ಕೊಟ್ಟು ಅಂಗಿಯನ್ನು ಹೆಗಲಿಗೆ ಹಾಕಿಕೊಂಡಳು.

ಇಳಿಹೊತ್ತಿಗೆ ಊರು ಸೇರಿದರು. ಹಿಸ್ಸೇನ್ ಬೋಲ್ಟು ಬಿಗಿದು ಒತ್ತಿದ. ಪಂಪು ಕೆಮ್ಮಿತು, ಕೆಂಪು ನೀರು ಕಾರಿತು, ಕೊನೆಗೆ ತಿಳಿಯಾಯಿತು. ನಾಂಬೋನಾ ಮೊದಲ ಸೋರೆಬುರುಡೆಯನ್ನು ತುಂಬಿ ಅವನ ಮುಂದೆ ಹಿಡಿದಳು.

ಅವನು ಮುಟ್ಟಲಿಲ್ಲ. "ಅಕ್ಕಾ, ಆವತ್ತು ನಾ ಬಾಗಿಲು ಬಡಿದದ್ದು ಕೇಳಿಸಿತ್ತಾ?"

ಸುಳ್ಳು ನಾಲಗೆ ತುದಿಗೆ ಬಂದಿತ್ತು. ನುಂಗಿಕೊಂಡಳು. "ಕೇಳಿಸಿತ್ತು."

ಹಿಸ್ಸೇನ್ ಪಂಪಿನತ್ತ ತಿರುಗಿ ಸ್ಪ್ಯಾನರು ಎತ್ತಿಕೊಂಡ. "ಮಗೂಗೆ ಕುಡಿಸು, ಹೋಗು."

ಅವಳು ಒಂದು ಹನಿಯೂ ತುಳುಕದಂತೆ ನಡೆದಳು. ಬೆನ್ನ ಹಿಂದೆ, ಆಗಲೇ ಬಿಗಿದಿದ್ದ ಬೋಲ್ಟನ್ನು ಅವನು ಮತ್ತೆ ಬಿಗಿಯುತ್ತಿದ್ದ ಸದ್ದು ಮನೆಯವರೆಗೂ ಕೇಳಿಸಿತು.