ಚರಗ ಹೊತ್ತ ಮೋಟರ್‌ಸೈಕಲ್

ಎಳ್ಳ ಅಮಾವಾಸ್ಯೆಯ ದಿನ ಹೊತ್ತು ಮುಳುಗುವುದರೊಳಗೆ ಚರಗ ತುಂಬಿದ ಡಬರಿ ಪಾತ್ರೆಯನ್ನು ಪುಣೆಯಾಚೆಯ ತಾಮ್ಹಿಣಿ ಘಾಟಿನ ಮೇಲಿನ ಬೋಳು ಬಯಲಿಗೆ ಮುಟ್ಟಿಸಬೇಕಾಗಿತ್ತು. ಮುಟ್ಟಿಸಬೇಕಾದವನು ಶಿವರಾಜ. ಮುಟ್ಟಿಸಿರೆಂದು ಹೇಳಿಹೋದವಳು ಅವನ ಹೆಂಡತಿ ಸುಮಂಗಲಾ. ಅವಳು ಶ್ರಾವಣದಲ್ಲಿ ತೀರಿಕೊಂಡಿದ್ದಳು.

ಚರಗವೆಂದರೆ ಬಸುರಿ ಭೂಮಿಗೆ ಬಡಿಸುವ ಬಯಕೆಯ ಊಟ. ಅವನ ಊರಾದ ಇಂಡಿ ಪಟ್ಟಣದ ಕಡೆ ಹೊಲವುಳ್ಳವರು ಆ ದಿನ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆ. ಮೊದಲು ಪೈರಿಗೆ ಚೆಲ್ಲಿ, ಅನಂತರ ತಾವು ಉಣ್ಣುತ್ತಾರೆ. ಶಿವರಾಜನ ಪಾಲಿಗೆ ಹೊಲ ಬಂದಿರಲಿಲ್ಲ. ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಧಾನ್ಯದ ಮೂಟೆಗಳನ್ನು ತೂಗಿಸುವುದು ಅವನ ಕೆಲಸ. ಕೋಥರೂಡದ ಎರಡು ಕೋಣೆಗಳು ಅವನ ಆಸ್ತಿ. ಮದುವೆಯಾದ ಹೊಸತರಲ್ಲಿ ಸುಮಂಗಲಾ, "ಹೊಲ ಇಲ್ಲಂದ್ರ ಏನಾತು? ಯಾರೂ ಊಳದ ನೆಲಾನೂ ಹುಲ್ಲು ಹಡೀತದ. ಅದಕ್ಕ ಯಾರು ಬಯಕಿ ಉಣಸ್ಯಾರು?" ಎಂದು ಕೇಳಿದ್ದಳು. ಅಂದಿನಿಂದ ಪ್ರತಿವರ್ಷವೂ ಅವರಿಬ್ಬರು ಮೋಟರ್‌ಸೈಕಲ್ ಏರಿ ಆ ಬಯಲಿಗೆ ಹೋಗಿ, ಚರಗ ಚೆಲ್ಲಿ, ಡೇರೆ ಹಾಕಿ ಒಂದು ರಾತ್ರಿ ಇದ್ದು ಬರುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಇಬ್ಬರೂ ಬಯಲಿನ ಮೇಲೆ ಎಂದೂ ಎತ್ತಲಿಲ್ಲ.

ಮನೆಯಲ್ಲಿ ಸಾವಾದ ವರ್ಷ ಹಬ್ಬ ಮಾಡಬಾರದೆಂದು ಊರಿನಿಂದ ಫೋನ್ ಬಂದಿತ್ತು. "ಹಬ್ಬ ನಮ್ಮದಲ್ಲ, ಭೂಮೀದು" ಎಂದಷ್ಟೇ ಹೇಳಿ ಶಿವರಾಜನ ತಾಯಿ ಶಿವಗಂಗವ್ವ ಫೋನ್ ಇಟ್ಟಿದ್ದಳು. ಬೆಳಗಿನಿಂದ ಒಲೆಯ ಮುಂದೆ ನಿಂತು ಸಜ್ಜಿ ರೊಟ್ಟಿ, ಕಡಬು, ಪುಂಡಿಪಲ್ಯ, ಅಂಬಲಿ ಮಾಡಿದವಳೂ ಅವಳೇ. ಸೊಸೆಯ ಕೈಯಲ್ಲಿ ರೊಟ್ಟಿ ದುಂಡಗಾಗುತ್ತಿತ್ತು. ಇವಳ ವಯಸ್ಸಾದ ಕೈಯಲ್ಲಿ ಅಂಚು ಹರಿದಿತ್ತು.

"ಡಬರಿ ಬಾಯಿಗೆ ಅರಬಿ ಬಿಗದು ಕಟ್ಟೀನಿ ತಮ್ಮಾ. ನಡುವ ಬಿಚ್ಚಬ್ಯಾಡ. ಹೊತ್ತು ಮುಳುಗೂ ತನಕಾ ನಾನೂ ಬಾಯಾಗ ಏನೂ ಹಾಕೂದಿಲ್ಲ."

"ನೀ ಉಪವಾಸ ಯಾಕ ಇರ್ತಿ ಅವ್ವಾ?"

"ಅಕಿ ಇರತಿದ್ದಿಲ್ಲೇನು? ಹೋಗು, ಸಾಮಾನ ಕಟ್ಟು."

ಸೊಸೈಟಿಯ ಪಾರ್ಕಿಂಗಿನಲ್ಲಿ ಶಿವರಾಜ ಸಾಮಾನುಗಳನ್ನು ತಾಡಪತ್ರಿಯ ಮೇಲೆ ಹರಡಿದ. ಡೇರೆಯ ಸುರುಳಿ, ಎರಡು ಹಾಸಿಗೆ, ನೀರಿನ ಕ್ಯಾನು, ಸಣ್ಣ ಸ್ಟೋವ್, ಹಗ್ಗ, ಪಂಚರ್ ತಿದ್ದುವ ಸಾಮಗ್ರಿ. ಪಕ್ಕಕ್ಕೆ ತೂಗುಬಿಡುವ ಎರಡು ಚೀಲಗಳನ್ನೂ ಕೊಕ್ಕೆಯ ತಕ್ಕಡಿಗೆ ಸಿಕ್ಕಿಸಿ ಎತ್ತಿ ನೋಡಿದ. ಎಡದ್ದು ಭಾರವೆನಿಸಿದಾಗ ಸ್ಟೋವನ್ನು ಬಲಕ್ಕೆ ಹಾಕಿದ. ಬಲದ್ದು ಜಗ್ಗಿದಾಗ ನಟ್ಟು ಬಿಚ್ಚುವ ಪಾನೆಗಳನ್ನು ಎಡಕ್ಕೆ ತಂದ. ಮುಳ್ಳು ಎರಡು ಕಡೆಯೂ ಒಂದೇ ಗೆರೆಯ ಮೇಲೆ ನಿಂತ ಮೇಲೆಯೇ ಚೀಲಗಳನ್ನು ಕಟ್ಟಿದ. ಉಳಿದುದೆಲ್ಲವನ್ನೂ, ಡೇರೆ, ಹಾಸಿಗೆ, ನೀರು ಮತ್ತು ಚರಗದ ಡಬರಿಯನ್ನು, ಸೀಟಿನ ಹಿಂದಿನ ಕ್ಯಾರಿಯರಿನ ಮೇಲೆ ಒಂದರ ಮೇಲೊಂದು ಏರಿಸಿ ಬಿಗಿದ.

ಹಿಂದಿನ ಸೀಟನ್ನು ಒರೆಸಿ, ಖಾಲಿ ಬಿಟ್ಟ.

ವಾಕಡದಿಂದ ತನ್ನ ಸಣ್ಣ ಬೈಕಿನ ಮೇಲೆ ಧರ್ಮರಾಜ ಬರುವಾಗ ಮಧ್ಯಾಹ್ನವಾಗಿತ್ತು. ಅವನು ಸುಮಂಗಲಾಳ ತಮ್ಮ, ಕಟ್ಟಡದ ಕೆಲಸದಲ್ಲಿ ಆಳುಗಳ ಮೇಲಿನ ಮುಕಾದಮ. ಬೂಟಿಗೆ ಸಿಮೆಂಟು ಇನ್ನೂ ಅಂಟಿತ್ತು.

"ತಡಾ ಆತ್ರಿ ಮಾವಾ. ಸ್ಲ್ಯಾಬ್ ಹಾಕೂದಿತ್ತು, ನಡುವ ಬಿಟ್ಟು ಬರಾಕ ಆಗಲಿಲ್ಲ." ಅವನು ಮೋಟರ್‌ಸೈಕಲ್ಲನ್ನು ಸುತ್ತು ಹಾಕಿ ನೋಡಿದ. "ಇದೇನ್ರಿ ಇದು? ಹಿಂದ ಎರಡನೇ ಮಜಲಿ ಎಬ್ಬಿಸೀರಿ! ನಡುವ ಸೀಟ್ ಖಾಲಿ ಅದಲ್ರಿ. ಡೇರೆ ಅಲ್ಲಿ ಹಾಕ್ರಿ."

"ಅದು ನಿಮ್ಮಕ್ಕನ ಜಾಗಾ."

ಧರ್ಮರಾಜನ ನಗು ಅಲ್ಲಿಗೇ ನಿಂತಿತು. "ಹಂಗಾದ್ರ ಡಬರಿ ಆದ್ರೂ ನನ್ನ ಗಾಡಿಗೆ ಕೊಡ್ರಿ."

"ಡಬರಿ ನನ್ನ ಕೂಡ ಬರ್ತದ. ಹತ್ತು, ಹೊತ್ತಾತು."

ಗೇಟಿನಲ್ಲಿ ಎದುರು ಮನೆಯ ಕೇತಕಿ ತರಕಾರಿ ಚೀಲ ಹಿಡಿದು ಬರುತ್ತಿದ್ದಳು. "ಕಾಕಾ, ಏಕಟೇಚ ನಿಘಾಲಾತ ಕಾ?" ಎಂದಳು. ಒಬ್ಬರೇ ಹೊರಟಿರೇನು ಎಂಬ ಪ್ರಶ್ನೆ ಬಾಯಿಂದ ಜಾರಿದ ಮೇಲೆ ಅವಳ ಮುಖ ಬಾಡಿತು. ಶಿವರಾಜ ಮರಾಠಿಯಲ್ಲಿಯೇ, ಮೈದುನ ಜೊತೆಗಿದ್ದಾನೆಂದು ಹೇಳಿ ಗೇಟು ದಾಟಿದ.

ಚಾಂದಣಿ ಚೌಕದ ದಟ್ಟಣೆ, ಪೌಡದ ಪೇಟೆ, ಆಮೇಲೆ ಮುಳಶಿಯ ಹಿನ್ನೀರು. ಚಳಿಗಾಲದ ನೀರು ಅಲುಗದೆ ಬಿದ್ದಿತ್ತು. ಅದರಂಚಿನ ಕೆಂಪು ಮಣ್ಣಿನ ಮೇಲೆ ಇಳಿದುಹೋದ ನೀರಿನ ಗೆರೆಗಳು ಮೆಟ್ಟಿಲುಗಳಂತೆ ಒಂದರ ಕೆಳಗೊಂದು ಮೂಡಿದ್ದವು. ದಾರಿಯ ಎರಡು ಬದಿಯ ಹುಲ್ಲು ಗೋಧಿಯ ಬಣ್ಣಕ್ಕೆ ತಿರುಗಿತ್ತು. ಘಾಟಿನ ಕಾಡು ಆರಂಭವಾದಲ್ಲಿ ಗಾಳಿ ತಣ್ಣಗಾಯಿತು. ಬಂಡೆಗಳ ಮೇಲೆ ಮಳೆಗಾಲದ ಜಲಪಾತಗಳ ಕಪ್ಪು ಗುರುತುಗಳು ಮಾತ್ರ ಉಳಿದಿದ್ದವು. ಈ ದಾರಿಯುದ್ದಕ್ಕೂ ಸುಮಂಗಲಾ ಹಿಂದಿನಿಂದ ಭುಜ ತಟ್ಟಿ ಏನಾದರೊಂದನ್ನು ತೋರಿಸುತ್ತಿದ್ದಳು. ಶಿವರಾಜ ಈ ಬಾರಿ ಎಡಬಲ ನೋಡದೆ ನಡೆಸಿದ.

ಡಾಂಬರು ರಸ್ತೆ ಬಿಟ್ಟು ಎಡಕ್ಕೆ ಹೊರಳಿದರೆ ನಾಲ್ಕಾರು ಮನೆಗಳ ವಾಡಿ. ಅಂಗಳದಲ್ಲಿ ಭತ್ತದ ಹುಲ್ಲು ಒಟ್ಟುತ್ತಿದ್ದ ಸಕ್ಕುಬಾಯಿ ಅವನ ಗುರುತು ಹಿಡಿದಳು. ಪ್ರತಿವರ್ಷ ಸುಮಂಗಲಾ ಅವಳಿಗೊಂದು ಕಡಬು ಕೊಟ್ಟೇ ಮುಂದೆ ಹೋಗುತ್ತಿದ್ದಳು. ಮುದುಕಿ ಸೀಟಿನ ಕಡೆ ನೋಡಿದಳು, ಶಿವರಾಜನ ಮುಖ ನೋಡಿದಳು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಸೂರ್ಯ ಆಗಲೇ ಗುಡ್ಡದ ಭುಜಕ್ಕೆ ಇಳಿದಿದ್ದ.

ವಾಡಿಯ ಹಿಂದಿನಿಂದ ಬಯಲಿಗೆ ಹೋಗುವುದು ಎತ್ತಿನ ಗಾಡಿಯೂ ಅಂಜುವ ಏರು. ಸಡಿಲ ಗರಸುಕಲ್ಲು, ನಡುನಡುವೆ ಎದ್ದ ಕಲ್ಲು, ಎಡಕ್ಕೆ ಕಾರವಿಯ ಪೊದೆ ತುಂಬಿದ ಕಮರಿ.

ಇಲ್ಲಿ ಶಿವರಾಜನ ತಪ್ಪನ್ನು ಹೇಳಬೇಕು. ಸುಮಂಗಲಾ ಬರುತ್ತಿದ್ದಾಗ ಡಬರಿ ಅವಳ ತೊಡೆಯ ಮೇಲಿರುತ್ತಿತ್ತು, ಹಾಸಿಗೆ ಅವಳ ಬೆನ್ನಿಗಿರುತ್ತಿತ್ತು; ಈ ಏರು ಬಂದೊಡನೆ ಅವಳು ಎರಡನ್ನೂ ಹೊತ್ತು ಇಳಿದು ನಡೆಯುತ್ತಿದ್ದಳು. ಕ್ಯಾರಿಯರಿನ ಮೇಲೆ ಡೇರೆಯ ಹೊರತು ಏನೂ ಉಳಿಯುತ್ತಿರಲಿಲ್ಲ. ಈಗ ಅವಳು ಹೊರುತ್ತಿದ್ದುದೆಲ್ಲ ಹಿಂದಿನ ಗಾಲಿಗಿಂತಲೂ ಹಿಂದಕ್ಕೆ ಹೋಗಿತ್ತು. ಭಾರ ಹಿಂದೆ ಸರಿದಷ್ಟೂ ಮುಂದಿನ ಗಾಲಿ ಹಗುರಾಗುತ್ತದೆ; ಏರು ಕಡಿದಾದಷ್ಟೂ ಇನ್ನೂ ಹಗುರಾಗುತ್ತದೆ. ಎಡಬಲದ ಲೆಕ್ಕವನ್ನು ಶಿವರಾಜ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಹಿಂದುಮುಂದಿನ ಲೆಕ್ಕವನ್ನು ಮಾಡಿರಲೇ ಇಲ್ಲ.

ಮೊದಲ ತಿರುವು ದಾಟಿತು. ಎರಡನೆಯದರಲ್ಲಿ ಹ್ಯಾಂಡಲ್ ಕೈಗೆ ಸಿಗದಂತಾಯಿತು. ಬಲಕ್ಕೆ ಹೊರಳಿಸಿದರೂ ಗಾಡಿ ನೇರ ಹೋಯಿತು.

"ಮಾವಾ, ನಿಂದರ್ರಿ! ಗಾಲಿ ಎದ್ದದ!"

ಧರ್ಮರಾಜನ ಕೂಗು ಕೇಳುವ ಮೊದಲೇ ಮುಂದಿನ ಗಾಲಿ ಕಲ್ಲಿಗೆ ತಗುಲಿ ಗಾಳಿಗೆ ಎದ್ದಿತ್ತು. ಎಂಜಿನ್ ಕೆಮ್ಮಿ ನಿಂತಿತು. ಗಾಡಿ ಹಿಂದಕ್ಕೆ ಜಾರತೊಡಗಿತು.

ಶಿವರಾಜ ಬ್ರೇಕ್ ಹಿಡಿದ. ಗರಸು ಉರುಳಿತು. ಹಿಂದಿನ ಗಾಲಿ ಕಮರಿಯ ಅಂಚಿಗೆ ಬಂತು.

ಧರ್ಮರಾಜ ತನ್ನ ಬೈಕನ್ನು ಇದ್ದಲ್ಲೇ ಕೆಡವಿ ಓಡಿಬಂದ. ಒಂದು ಕಲ್ಲನ್ನು ಎರಡು ಕೈಯಿಂದ ಎತ್ತಿ ಗಾಲಿಯ ಹಿಂದೆ ಒಗೆದ. ಕಲ್ಲು ಕಚ್ಚಿತು. ಮೋಟರ್‌ಸೈಕಲ್ ಬಲಕ್ಕೆ ಮಗುಚಿ ಬಿತ್ತು. ಶಿವರಾಜನ ಪಾದ ಅದರ ಕೆಳಗೆ ಸಿಕ್ಕಿತು.

"ಜಗ್ಗಬ್ಯಾಡ್ರಿ, ತಡೀರಿ! ನಾ ಎತ್ತೇನಿ. ಹಾಂ, ಈಗ ಎಳಕೋರಿ!"

ಕಾಲು ಹೊರಬಂತು. ಮುರಿದಿರಲಿಲ್ಲ, ಉಳುಕಿತ್ತು. ಶಿವರಾಜ ಕಾಲನ್ನು ನೋಡಲಿಲ್ಲ. ತೆವಳಿಕೊಂಡೇ ಕ್ಯಾರಿಯರಿನ ಬಳಿಗೆ ಹೋದ. ಡಬರಿಯ ಅರಿವೆ ಬಿಚ್ಚಿತ್ತು. ಅಂಬಲಿ ಗರಸಿನೊಳಗೆ ಇಂಗುತ್ತಿತ್ತು. ಅಂಚು ಹರಿದ ರೊಟ್ಟಿಗಳು, ಕಡಬುಗಳು ದಾರಿಯ ಮೇಲೆ ಹರಡಿದ್ದವು. ಅವನು ಒಂದು ಕಡಬನ್ನು ಎತ್ತಿ ಮಣ್ಣು ಊದಿದ, ಇನ್ನೊಂದನ್ನು ಎತ್ತಿದ.

"ಹೋತು" ಎಂದ. "ಅಕಿ ಒಂದ ಮಾತು ಹೇಳಿದ್ಳು. ಅದೂ ಹೋತು."

ಧರ್ಮರಾಜ ಏದುಸಿರು ಬಿಡುತ್ತ ನಿಂತಿದ್ದ. ಅವನ ಸಿಟ್ಟು ಈಗ ಬಾಯಿಗೆ ಬಂತು.

"ಅಕ್ಕನ ಜಾಗಾ, ಅಕ್ಕನ ಜಾಗಾ ಅಂತ ಅಕ್ಕನ ಕಡೀಗೇ ಹೊಂಟಿದ್ರೇನು? ಅಲ್ಲಿ ಅವ್ವ ಉಪವಾಸ ಕುಂತಾಳ. ಸೊಸಿ ಹೋದ ವರ್ಷಾನ ಮಗನ್ನೂ ತಂದು ಅಂಗಳದಾಗ ಮಲಗಸಬೇಕಿತ್ತೇನು ನಾ? ನಿಮಗೊಬ್ಬರಿಗೇ ಸತ್ತಾಳೇನ್ರಿ ಅಕಿ? ಸಣ್ಣಾಂವ ಇದ್ದಾಗ ಅಕಿ ಜಡಿ ಜಗ್ಗಿ ಅಳಸತಿದ್ದೆ. ನನಗೂ ಅಕಿ ಅಕ್ಕನ!"

ಧರ್ಮರಾಜ ಕಮರಿಯ ಕಡೆ ಮುಖ ಮಾಡಿ ಕುಳಿತು ತೋಳಿನಿಂದ ಕಣ್ಣು ಒರೆಸಿಕೊಂಡ. ಎಲ್ಲಿಯೋ ಒಂದು ಕುಟ್ರು ಹಕ್ಕಿ ಒಂದೇ ಸ್ವರವನ್ನು ಹೊಡೆಯುತ್ತಿತ್ತು.

ಕೊನೆಗೆ ಶಿವರಾಜ ಡಬರಿಯೊಳಗೆ ಇಣುಕಿದ. ಅರ್ಧ ಉಳಿದಿತ್ತು.

"ಧರ್ಮಾ."

"ಏನ್ರಿ?"

"ಹಗ್ಗ ಬಿಚ್ಚು."

ಇಬ್ಬರೂ ಸೇರಿ ಗಾಡಿಯನ್ನು ನಿಲ್ಲಿಸಿ, ಕ್ಯಾರಿಯರನ್ನು ಪೂರ್ತಿ ಖಾಲಿ ಮಾಡಿದರು. ನೀರಿನ ಕ್ಯಾನು, ಹಾಸಿಗೆಗಳು ಧರ್ಮರಾಜನ ಬೈಕಿಗೆ ಹೋದವು. ಶಿವರಾಜ ಡೇರೆಯ ಸುರುಳಿಯನ್ನು ಎತ್ತಿಕೊಂಡು ಸೀಟಿನ ಪಕ್ಕ ನಿಂತ. ಆ ಸೀಟಿನ ರೆಕ್ಸಿನ್ ಒಂದು ಕಡೆ ಸ್ವಲ್ಪ ತಗ್ಗಿತ್ತು. ಅವಳು ಯಾವಾಗಲೂ ಒಂದೇ ಮಗ್ಗುಲಾಗಿ ಕೂರುತ್ತಿದ್ದಳು. ಧರ್ಮರಾಜ ಕೈ ಚಾಚಿದ. "ತರ್ರಿ, ನಾ ಹಾಕತೀನಿ."

"ಬ್ಯಾಡ."

ಅವನೇ ಹಾಕಿದ. ಸುರುಳಿಯನ್ನು ಮುಂದಕ್ಕೆ ಒತ್ತಿ, ಬೆನ್ನಿಗೆ ತಗಲುವಂತೆ ಸರಿಸಿ, ಹಗ್ಗವನ್ನು ಎರಡು ಬದಿಯಿಂದ ತಂದು ಬಿಗಿದ. ಮೊದಲ ಗಂಟು ಜಾರಿತು. ಬಿಚ್ಚಿ ಮತ್ತೆ ಹಾಕಿದ. ಡಬರಿಯನ್ನು ಪೆಟ್ರೋಲ್ ಟಾಕಿಯ ಮೇಲೆ, ತನ್ನ ಎರಡು ತೋಳುಗಳ ನಡುವೆ ಕೂರಿಸಿ ಕೊರಳಿಗೆ ಸುತ್ತಿದ್ದ ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡ.

"ನೀ ಮುಂದ ಹೋಗಬ್ಯಾಡ, ಹಿಂದ ಬಾ. ಕಲ್ಲ ಒಂದ ಕೈಯಾಗ ಹಿಡಕೋ."

"ಒಂದ ಕೈಯಾಗ ಕಲ್ಲ ಹಿಡಕೊಂಡು ಗಾಡಿ ಹೊಡೀಲೇನ್ರಿ? ಮುಕಾದಮ ಅದೀನಿ, ಸರ್ಕಸ್‌ನಾಂವ ಅಲ್ಲ. ನನ್ನ ಗಾಡಿ ಇಲ್ಲೇ ಇರಲಿ. ನೀರಿನ ಕ್ಯಾನ್ ಹೊತ್ತು ನಿಮ್ಮ ಹಿಂದ ನಡಕೋತ ಬರ್ತೀನಿ, ಹಾಸಿಗಿ ಆಮ್ಯಾಲ ಒಯ್ದ್ರಾತು."

ಗಾಡಿ ಮೊದಲನೆಯ ಗೇರಿನಲ್ಲಿ ಏರತೊಡಗಿತು. ಉಳುಕಿದ ಕಾಲಿನಿಂದ ಬ್ರೇಕ್ ಒತ್ತಿದಾಗಲೆಲ್ಲ ನೋವು ಮೊಣಕಾಲಿಗೆ ಹೊಡೆಯುತ್ತಿತ್ತು. ಆದರೆ ಮುಂದಿನ ಗಾಲಿ ನೆಲ ಬಿಡಲಿಲ್ಲ. ಹ್ಯಾಂಡಲ್ ತಿರುಗಿಸಿದ ಕಡೆಗೆ ತಿರುಗಿತು. ಮೂರನೆಯ ತಿರುವು, ಕೊನೆಯ ಕಲ್ಲುಬೆಟ್ಟು, ಆಮೇಲೆ ಒಮ್ಮೆಲೇ ಆಕಾಶ.

ಬಯಲು ಹಾಗೆಯೇ ಇತ್ತು. ಕಣ್ಣು ಹೋದಲ್ಲಿಯವರೆಗೆ ಒಣಹುಲ್ಲು, ಕಪ್ಪು ಹಾಸುಬಂಡೆ. ಪಶ್ಚಿಮದ ಅಂಚಿನಿಂದಾಚೆ ಕೊಂಕಣದ ಕಣಿವೆಗಳು ಒಂದರ ಹಿಂದೊಂದು ನೀಲಿಯಾಗಿ, ಮತ್ತೂ ತೆಳು ನೀಲಿಯಾಗಿ ಇಳಿದುಹೋಗಿದ್ದವು. ಸೂರ್ಯನ ಕೆಳಗಂಚು ಕೊನೆಯ ಗುಡ್ಡಕ್ಕೆ ತಾಗುವುದರಲ್ಲಿತ್ತು.

ಶಿವರಾಜ ಡಬರಿ ಹಿಡಿದು ಕುಂಟುತ್ತ ಹುಲ್ಲಿನೊಳಗೆ ಹೋದ. ಧರ್ಮರಾಜ ನೀರಿನ ಕ್ಯಾನು ಹಿಡಿದು ಹಿಂದೆ ನಿಂತ. ಚರಗ ಚೆಲ್ಲುವವರು ‘ಹುಲ್ಲುಲ್ಲಿಗೋ’ ಎಂದು ಕೂಗಬೇಕು. ನೀರು ಹಾಕುತ್ತ ಬರುವವರು ‘ಚಲ್ಲಂಬ್ರಿಗೋ’ ಎಂದು ದನಿಗೂಡಿಸಬೇಕು. ಇಷ್ಟು ವರ್ಷ ಕೂಗಿದವಳು ಸುಮಂಗಲಾ. ಶಿವರಾಜನಿಗೆ ಉತ್ತರ ಕೊಟ್ಟು ಮಾತ್ರ ಗೊತ್ತಿತ್ತು. ಅವನು ಒಂದು ಹಿಡಿ ತೆಗೆದುಕೊಂಡು ನಿಂತ. ಬಾಯಿ ತೆರೆದ. ದನಿ ಬರಲಿಲ್ಲ.

ಧರ್ಮರಾಜ ಕಾದ. ಅವಸರ ಮಾಡಲಿಲ್ಲ.

ಸೂರ್ಯ ಅರ್ಧ ಇಳಿದ.

"ಹುಲ್ಲುಲ್ಲಿಗೋ!"

ಕೂಗು ಒಡೆದಿತ್ತು, ಕೂಗೋ ಅಳುವೋ ಎಂದು ಹೇಳುವಂತಿರಲಿಲ್ಲ. ಆದರೂ ಅದು ಬಯಲನ್ನು ದಾಟಿ ಕಣಿವೆಗೆ ಬಿತ್ತು.

"ಚಲ್ಲಂಬ್ರಿಗೋ!" ಹಿಂದಿನಿಂದ ಧರ್ಮರಾಜ ಎದೆ ತುಂಬಿ ಕೂಗಿದ.

ಡಬರಿ ಬರಿದಾಗುವವರೆಗೂ ಇಬ್ಬರು ಗಂಡಸರು ಆ ಹುಲ್ಲಿನಲ್ಲಿ ನಡೆದರು. ಬರಿದಾದಾಗ ಗುಡ್ಡದ ಅಂಚಿನಲ್ಲಿ ಒಂದು ಕೆಂಪು ಗೆರೆ ಇನ್ನೂ ಉಳಿದಿತ್ತು.

ಮರುದಿನ ಬೆಳಗ್ಗೆ ಡೇರೆಯನ್ನು ಮಡಚಿ, ಹಿಂದಿನ ಸೀಟಿನ ಮೇಲೆ ಕಟ್ಟಿ, ನಿಧಾನವಾಗಿ ಇಳಿದರು. ಎರಡನೆಯ ತಿರುವಿನಲ್ಲಿ ಚೆಲ್ಲಿದ್ದ ರೊಟ್ಟಿಯ ತುಣುಕುಗಳಿಗೆ ಇರುವೆ ಮುತ್ತಿದ್ದವು. ಶಿವರಾಜ ಗಾಲಿಯನ್ನು ಬದಿಗೆ ಹೊರಳಿಸಿ, ಅವುಗಳನ್ನು ತುಳಿಯದೆ ದಾಟಿದ.

ಕೋಥರೂಡದಲ್ಲಿ ಶಿವಗಂಗವ್ವ ಬಾಗಿಲಲ್ಲಿಯೇ ಕುಳಿತಿದ್ದಳು. ಮಗನ ಕಾಲಿನ ಬಾವು ನೋಡಿದರೂ ಮೊದಲು ಕೇಳಿದ್ದು ಅದನ್ನಲ್ಲ.

"ಚೆಲ್ಲಿದ್ಯಾ?"

"ಅರ್ಧಾ ದಾರ್ಯಾಗ ಬಿತ್ತವ್ವಾ. ನನ್ನದ ತಪ್ಪು. ಉಳದದ್ದು ಹೊತ್ತು ಮುಳುಗೂದ್ರಾಗ ಚೆಲ್ಲಿದೆ."

ಮುದುಕಿ ಖಾಲಿ ಡಬರಿಯನ್ನು ಮಡಿಲಿಗೆ ಎಳೆದುಕೊಂಡಳು. "ಯಾರು ಕೂಗಿದ್ರು?"

"ನಾನ."

"ಕೂಗಿದ್ರವ್ವಾ, ಕೂಗಿದ್ರು" ಎಂದ ಧರ್ಮರಾಜ, ಮೆಟ್ಟಿಲ ಮೇಲೆ ಬೂಟು ಬಿಚ್ಚುತ್ತ. "ಮಾರ್ಕೆಟ್ ಯಾರ್ಡಿನ್ಯಾಗ ಲಾರಿ ಹಿಂದಕ್ಕ ತಗೀವಾಗ ಒದರತಾರಲ್ಲ, ಹಂಗ. ಗುಡ್ಡದ ಮ್ಯಾಲ ಒಂದು ನರಿ ಇತ್ತು, ಅದು ಊರ ಬಿಟ್ಟು ಹೋತು."

ಶಿವಗಂಗವ್ವನ ತುಟಿ ಅಲುಗಿತು. ಕಣ್ಣು ಒದ್ದೆಯೇ ಇದ್ದವು. ಶಿವರಾಜ ಗೋಡೆ ಹಿಡಿದು ಅವಳ ಪಕ್ಕ ಕುಳಿತು, ನೊಂದ ಕಾಲನ್ನು ಚಾಚಿದ.

"ಮೊದಲನೇ ಸಲ ಅದು" ಎಂದ. "ಬರೂ ವರ್ಷ ಚಂದ ಕೂಗತೀನಿ."